ಹೇಳಿಕೊಡದ ಟೀಚರ್

ಖಾಕಿ ತೊಟ್ಟು ಹತ್ತೊಂಬತ್ತು ವರ್ಷ ದುಡಿದೂ ಒಬ್ಬೇ ಒಬ್ಬ ಕಳ್ಳನನ್ನು ಹಿಡಿಯದ ಇನ್ಸ್‌ಪೆಕ್ಟರ್ ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ಇವನೇ. ಇವನ ಸ್ಟೇಷನ್ನಿಗೆ ಇದ್ದದ್ದು ಮೂರೇ ಗೋಡೆ. ನಾಲ್ಕನೆಯದು ಇರಬೇಕಾದ ಕಡೆ ಕ್ಯಾಮೆರಾ. ಟೀವಿ ಧಾರಾವಾಹಿಗಳಲ್ಲಿ ಯಾರ ಮನೆಯಲ್ಲಿ ಕೊಲೆಯಾಗಲಿ, ಯಾರ ಒಡವೆ ಕಳೆಯಲಿ, ಯಾವ ಅತ್ತೆ ಯಾವ ಸೊಸೆಯ ಹಾಲಿಗೆ ವಿಷ ಬೆರೆಸಲಿ, ಮ್ಯಾನೇಜರುಗಳು ಮೊದಲು ಫೋನ್ ಮಾಡುತ್ತಿದ್ದುದು ಇವನಿಗೆ. ಆರಡಿ ಎತ್ತರ, ಸ್ವಂತ ಯೂನಿಫಾರಂ, ಸ್ವಂತ ಬೂಟು, ಸ್ವಂತ ಮೀಸೆ. ಬೀದಿಯ ಮಕ್ಕಳಿಂದ ಹಿಡಿದು ಮನೆಯಲ್ಲಿದ್ದ ಹೆಂಡತಿಯ ತಾಯಿಯವರೆಗೆ ಎಲ್ಲರೂ ಕರೆಯುತ್ತಿದ್ದುದು ಇನ್ಸ್‌ಪೆಕ್ಟರ್ ಎಂದೇ. ಮೀಸೆ ಬಂದವನಿಗೆ ದೇಶ ಕಾಣದು ಅನ್ನುತ್ತಾರೆ. ಇವನಿಗೆ ಮೀಸೆ ಬಂದು ಮೂವತ್ತು ವರ್ಷವಾಗಿತ್ತು, ದೇಶ ಇನ್ನೂ ಕಂಡಿರಲಿಲ್ಲ.

ಆದರೆ ವಯಸ್ಸು ನಲವತ್ತೊಂಬತ್ತು ಮುಟ್ಟಿದಾಗ ಫೋನು ಅಪರೂಪವಾಯಿತು. ಜಿಮ್ಮಿನಲ್ಲಿ ತೋಳು ಬೆಳೆಸಿಕೊಂಡ ಹೊಸ ಇನ್ಸ್‌ಪೆಕ್ಟರುಗಳು ಬಂದಿದ್ದರು. ಅಂಥ ಹೊತ್ತಿನಲ್ಲೇ ಒಂದು ಸಿನಿಮಾದಿಂದ ಕರೆ ಬಂತು. ಇನ್ಸ್‌ಪೆಕ್ಟರ್ ಪಾತ್ರವಲ್ಲ. ಮೇಜಿನ ಆಚೆ ಬದಿ ಕೂರುವವನದು: ಹದಿನೇಳು ವರ್ಷದ ಮಗಳು ಎರಡು ದಿನದಿಂದ ಮನೆಗೆ ಬಂದಿಲ್ಲವೆಂದು ದೂರು ಕೊಡಲು ಬರುವ ತಂದೆ. ಸಿನಿಮಾದ ತುಂಬ ಅವನೇ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಇವನಿಗೆ ಸಿಗಲಿದ್ದ ಪಾತ್ರಕ್ಕೆ ಸ್ವಂತದ್ದೊಂದು ಹೆಸರೂ ಇತ್ತು. ಹಾಳೆಯ ಮೇಲೆ ಆ ಹೆಸರು ನೋಡಿದ ದಿನವೇ ಇವನಿಗೆ ಅದರ ಮೇಲೆ ಆಸೆ ಹುಟ್ಟಿತು. ಇದು ತಪ್ಪಿದರೆ ಇನ್ನೊಂದು ಬರುವುದಿಲ್ಲ ಎಂಬುದೂ ಇವನಿಗೆ ಗೊತ್ತಿತ್ತು.

ಧಾರಾವಾಹಿಯ ಕೆಲಸ ಕಾಣದವರಿಗೆ ಇಲ್ಲೊಂದು ಗುಟ್ಟು ಬಿಚ್ಚಬೇಕು. ಅಲ್ಲಿ ಯಾರೂ ಮಾತು ಬಾಯಿಪಾಠ ಮಾಡುವುದಿಲ್ಲ. ಬರೆಯುವವನು ಬೆಳಿಗ್ಗೆ ಎದ್ದು ಗೀಚಿದ ಹಾಳೆ ಹತ್ತಕ್ಕೆ ಸೆಟ್ಟಿಗೆ ಬರುತ್ತದೆ, ಹತ್ತೂಕಾಲಿಗೆ ಶಾಟ್. ಅದಕ್ಕೆಂದೇ ಒಬ್ಬ ಸಹಾಯಕ ಕ್ಯಾಮೆರಾದ ಎಡಪಕ್ಕ ನಿಂತು ಒಂದೊಂದೇ ವಾಕ್ಯ ಓದಿ ಹೇಳಿಕೊಡುತ್ತಾನೆ. ನಟ ಅದಕ್ಕೊಂದು ಮುಖ ಹಚ್ಚಿ ಒಪ್ಪಿಸುತ್ತಾನೆ. ದನಿಯನ್ನು ಆಮೇಲೆ ಬೇರೆ ಕೋಣೆಯಲ್ಲಿ ಸೇರಿಸುವುದರಿಂದ ಸಹಾಯಕ ಕಿರುಚಿದರೂ ಅಡ್ಡಿಯಿಲ್ಲ. ಈ ವಿದ್ಯೆಯಲ್ಲಿ ಇನ್ಸ್‌ಪೆಕ್ಟರನನ್ನು ಮೀರಿಸುವವರಿರಲಿಲ್ಲ. ಎದುರಿಗೆ ಯಾರು ಎಷ್ಟು ಗೋಳಾಡುತ್ತಿದ್ದರೂ ಅವನ ಎಡಗಿವಿ ಸಹಾಯಕನ ಬಾಯಿಗೇ ಅಂಟಿಕೊಂಡಿರುತ್ತಿತ್ತು. ತಲೆ ಎಡಕ್ಕೆ ಒಂದಿಷ್ಟು ವಾಲುವುದು ಅವನ ಗತ್ತು ಎಂದೇ ಜನ ತಿಳಿದಿದ್ದರು.

ಸಿನಿಮಾದವರ ಪರೀಕ್ಷೆಗೆ ಅವನು ಮೂರು ದಿನ ಕೂತು ಮಾತು ಗಟ್ಟಿಮಾಡಿಕೊಂಡು ಹೋದ. ಇಲ್ಲಿ ದನಿಯನ್ನು ಸ್ಥಳದಲ್ಲೇ ಹಿಡಿಯುತ್ತಾರೆ, ಹೇಳಿಕೊಡುವವರಿಲ್ಲ. ನಿರ್ದೇಶಕಿ ಮೂವತ್ತು ದಾಟಿರದ ಹೆಂಗಸು, ಎದುರಿಗೆ ಕೂತಿದ್ದಳು. ಅರ್ಧ ದಾರಿ ಚೆನ್ನಾಗಿಯೇ ಸಾಗಿತು. ಕಣ್ಣಲ್ಲಿ ನೀರೂ ಬಂತು. ಆಗ ಒಂದು ಮಾತು ಮರೆತುಹೋಯಿತು. ಮರೆತದ್ದೇ ತಡ, ತಲೆ ತಾನಾಗಿ ಎಡಕ್ಕೆ ವಾಲಿತು, ಕಿವಿ ಹುಡುಕಿತು, ಹುಡುಕಿದ್ದು ಸಿಕ್ಕಿಯೂ ಬಿಟ್ಟಿತು. ಇನ್ಸ್‌ಪೆಕ್ಟರ್ ತುಟಿ ನಡುಗಿಸುತ್ತಾ, ಕೈಮುಗಿದು ಹೇಳಿದ:

“ನನಗೆ ಸಕ್ಕರೆ ಬೇಡ.”

ಎಡಗಡೆಯ ಮೂಲೆಯಲ್ಲಿ ಲೈಟಿನವನೊಬ್ಬ ಕಾಫಿ ತಂದವನಿಗೆ ಹೇಳಿದ ಮಾತು ಅದು. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ನಗದವಳು ನಿರ್ದೇಶಕಿ ಒಬ್ಬಳೇ.

“ಸಕ್ಕರೆ ಬೇಡ ಅಂತ ಇಷ್ಟು ದುಃಖದಿಂದ ಯಾರೂ ಹೇಳಿದ್ದಿಲ್ಲ ಸಾರ್,” ಎಂದಳು. “ಕಣ್ಣು ಚೆನ್ನಾಗಿದೆ. ಕಿವಿ ಮಾತ್ರ ನಿಮ್ಮದಲ್ಲ, ಬಾಡಿಗೆಗೆ ಕೊಟ್ಟುಬಿಟ್ಟಿದ್ದೀರಿ. ಒಬ್ಬರು ಟೀಚರ್ ಇದ್ದಾರೆ, ಒಂದು ತಿಂಗಳು ಅವರ ಹತ್ರ ಹೋಗಿ. ಅವರು ಹೂಂ ಅಂದ್ರೆ ಪಾತ್ರ ನಿಮ್ಮದು. ಇಲ್ಲಾಂದ್ರೆ ಜಡ್ಜ್ ಸಾರ್ ಇದ್ದಾರೆ.”

ಜಡ್ಜ್ ಅಂದರೆ ಧಾರಾವಾಹಿಗಳಲ್ಲಿ ಹದಿನೈದು ವರ್ಷದಿಂದ ‘ಆರ್ಡರ್, ಆರ್ಡರ್’ ಎಂದು ಮೇಜು ಕುಟ್ಟುತ್ತಿದ್ದವನು. ಇವನ ಜೊತೆ ದಿನಾ ಟೀ ಕುಡಿಯುವ, ಇವನ ಏಳಿಗೆ ಕಂಡರೆ ಆ ಟೀ ಅರಗದ ಗೆಳೆಯ. ಆ ಹೆಸರು ಕೇಳಿಯೇ ಇನ್ಸ್‌ಪೆಕ್ಟರ್ ಟೀಚರ್ ಹತ್ತಿರ ಹೋಗಲು ಒಪ್ಪಿದ್ದು, ಕಲಿಯುವ ಆಸೆಯಿಂದಲ್ಲ.

ಟೀಚರ್ ಇದ್ದದ್ದು ಬಡಗಿಯ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಮೆಟ್ಟಿಲ ತುಂಬ ಮರದ ಹೊಟ್ಟು, ಕೆಳಗೆ ಕೀಸುವ ಯಂತ್ರದ ಅರಚಾಟ. ವಯಸ್ಸು ಅರವತ್ತಮೂರು. ಗಂಟಲಿನಲ್ಲಿ ಮರಳು ತುಂಬಿದಂಥ ದನಿ. ದಿನಾ ನಟಿಸಿ ಹೊಟ್ಟೆ ಹೊರೆಯುವ ಏಳೆಂಟು ಜನ ಬೆಳಿಗ್ಗೆ ಶೂಟಿಂಗಿಗೆ ಮೊದಲು ಅಲ್ಲಿಗೆ ಬಂದು ಬೈಸಿಕೊಂಡು ಹೋಗುತ್ತಿದ್ದರು. ಬೆನ್ನ ಹಿಂದೆ ಆಕೆಗೆ ಅವರು ಇಟ್ಟ ಹೆಸರು ಸುತ್ತಿಗೆ. ಸುತ್ತಿಗೆಗೂ ಒಂದು ಮರ್ಯಾದೆಯಿದೆ, ಮೊಳೆ ಹೋದ ಮೇಲೆ ಹೊಡೆಯುವುದನ್ನು ನಿಲ್ಲಿಸುತ್ತದೆ. ಈಕೆ ನಿಲ್ಲಿಸುತ್ತಿರಲಿಲ್ಲ.

ಮೊದಲ ದಿನ ಆಕೆ ಬಾಗಿಲ ಪಕ್ಕದ ಬೆಂಚು ತೋರಿಸಿ “ಕೂತ್ಕೊಳ್ಳಿ” ಎಂದಳು. ಇನ್ಸ್‌ಪೆಕ್ಟರ್ ಕೂತ. ಆಕೆ ಎದುರಿಗೇ ಮೇಜಿನ ಹಿಂದೆ ಕೂತು ಪೇಪರು ಓದಿದಳು, ಹುರುಳಿಕಾಯಿ ಸೋಸಿದಳು, ತಂಗಿಗೆ ಫೋನ್ ಮಾಡಿ ಮೊಣಕಾಲು ನೋವಿನ ಬಗ್ಗೆ ಮಾತಾಡಿದಳು. ಎರಡು ಗಂಟೆ ಕಳೆದ ಮೇಲೆ “ನಾಳೆ ಬನ್ನಿ” ಎಂದಳು. ಎರಡನೆಯ ದಿನವೂ ಅದೇ, ಕಾಯಿ ಮಾತ್ರ ಬೇರೆ. ಮೂರನೆಯ ದಿನ ಇನ್ಸ್‌ಪೆಕ್ಟರನ ಪಿತ್ತ ನೆತ್ತಿಗೇರಿತು.

“ಏನ್ರೀ ಇದು ಆಟ?” ಎಂದು ಎದ್ದು ನಿಂತ. “ಹತ್ತೊಂಬತ್ತು ವರ್ಷದಿಂದ ಫೀಲ್ಡಲ್ಲಿ ಇದ್ದೀನಿ. ಕೂತ್ಕೊಳ್ಳೋದು ಹೇಗೆ ಅಂತ ನನಗೆ ಕಲಿಸ್ತೀರಾ?”

“ಎದ್ದು ನಿಂತು ಕೂಗೋದು ಚೆನ್ನಾಗಿ ಬರುತ್ತೆ ನಿಮಗೆ. ಅದಕ್ಕೇನೂ ಕಲಿಸಬೇಕಾಗಿಲ್ಲ,” ಎಂದಳು ಆಕೆ, ತಲೆ ಎತ್ತದೆ. “ಮಗಳು ಕಾಣೆಯಾದೋನು ಸ್ಟೇಷನ್ನಲ್ಲಿ ಎಷ್ಟು ಹೊತ್ತು ಕೂರ್ತಾನೆ? ನೀವು ಎರಡು ದಿನ ಕೂತ್ರಿ. ನನ್ನ ಮುಖ ಒಂದ್ಸಲ ನೋಡಿದ್ರಾ? ಗಡಿಯಾರ ನೋಡಿದ್ರಿ, ಬೂಟು ನೋಡ್ಕೊಂಡ್ರಿ.”

“ನೀವು ತರಕಾರಿ ಸೋಸೋದನ್ನ ಏನು ನೋಡೋದು?”

“ಅದು ಬಿಡಿ. ನಿಮ್ಮ ಟೇಬಲ್ ಮುಂದೆ ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಜನ ಬಂದು ಅತ್ತಿರಬಹುದು?”

“ಸಾವಿರ. ಹೆಚ್ಚೇ ಇರಬಹುದು, ಕಡಿಮೆಯಿಲ್ಲ.”

“ಒಬ್ಬರ ಮುಖ ಹೇಳಿ.”

ಇನ್ಸ್‌ಪೆಕ್ಟರ್ ಬಾಯಿ ತೆರೆದ. ನೆನಪಿಗೆ ಬಂದದ್ದು ಹಾಳೆ ಹಿಡಿದ ಸಹಾಯಕರ ಉಗುರುಗಳು. ಒಬ್ಬನ ತೊದಲು, ಇನ್ನೊಬ್ಬನ ನೆಗಡಿ, ಮತ್ತೊಬ್ಬನ ಹರಕು ಟೀ ಶರ್ಟು. ಅತ್ತವರಲ್ಲಿ ಒಬ್ಬರೂ ಬರಲಿಲ್ಲ. ಅವನಿಗೆ ಅವಮಾನವಾಯಿತು, ಅವಮಾನವಾದಾಗ ಎಲ್ಲರೂ ಮಾಡುವುದನ್ನೇ ಅವನೂ ಮಾಡಿದ: ಬಾಗಿಲು ಬಡಿದು ಹೊರಟುಹೋದ. ಮರುದಿನ ಬೆಳಿಗ್ಗೆ ಜಡ್ಜ್‌ನ ಮುಖ ನೆನಪಾಗಿ ತೆಪ್ಪಗೆ ಬಂದು ಕೂತ.

ಅಂದಿನಿಂದ ನಿಜವಾದ ಕಾಟ ಶುರುವಾಯಿತು. ಟೀಚರ್ ಇನ್ಸ್‌ಪೆಕ್ಟರಾಗಿ ಮೇಜಿನ ಹಿಂದೆ ಕೂರುವುದು, ಇವನು ತಂದೆಯಾಗಿ ಎದುರಿಗೆ ಕೂರುವುದು, ಮಾತು ಇಬ್ಬರದೂ ಹಾಳೆಯಲ್ಲಿದ್ದದ್ದೇ. ಆದರೆ ಆಕೆ ಯಾವ ಹೊತ್ತಿನಲ್ಲಿ ಯಾವ ಮಾತು ಬದಲಾಯಿಸುತ್ತಾಳೋ ಹೇಳುವಂತಿರಲಿಲ್ಲ.

“ಮಗಳಿಗೆ ಎಷ್ಟು ವಯಸ್ಸು?”

“ಹದಿನೇಳು ಸಾರ್.”

“ಮನೆಯಿಂದ ಎಷ್ಟು ಹೊತ್ತಿಗೆ ಹೋದಳು?”

“ಬೆಳಿಗ್ಗೆ ಎಂಟಕ್ಕೆ ಸಾರ್.”

“ನಿಮ್ಮ ಮಗನ ಫೋಟೋ ತಂದಿದ್ದೀರಾ?”

“ತಂದಿದ್ದೀನಿ ಸಾರ್.”

ಸ್ಟೀಲ್ ಸ್ಕೇಲು ಮೇಜಿನ ಮೇಲೆ ಫಟ್ಟೆಂದು ಬಿತ್ತು. “ಮಗಳು ಕಾಣ್ತಿಲ್ಲ ಅಂತ ಬಂದೋನಿಗೆ ಮಗ ಅಂದ್ರೆ ಕೇಳಿಸಲ್ವಾ? ಯಾವ ಅಪ್ಪ ನೀವು?”

“ಹಾಳೇಲಿ ಹಾಗಿಲ್ಲ,” ಎಂದ ಇವನು ಹಲ್ಲು ಕಡಿಯುತ್ತಾ.

“ನಾನು ಹಾಳೆ ಅಲ್ಲ. ಮತ್ತೆ ಶುರು ಮಾಡಿ.”

ದಿನಕ್ಕೆ ಮೂವತ್ತು ಸಲ ಆ ಸ್ಕೇಲು ಬೀಳುತ್ತಿತ್ತು. ಕೆಳಗಿನ ಬಡಗಿ ಕೂಡ ಒಂದು ದಿನ “ಏನು ಸಾರ್, ಮೇಲೆ ಮೊಳೆ ಹೊಡೀತಿದ್ದೀರಾ?” ಎಂದು ಕೇಳಿದ. ಇನ್ಸ್‌ಪೆಕ್ಟರ್ ಅವನನ್ನು ಸುಟ್ಟುಬಿಡುವಂತೆ ನೋಡಿದ. ಒಂದು ಪದವನ್ನಾದರೂ ಹೀಗೆ ಹೇಳಿ ಎಂದು ಆಕೆ ತೋರಿಸಿಕೊಟ್ಟಿದ್ದರೆ ಅವನು ಅಷ್ಟು ಉರಿಯುತ್ತಿರಲಿಲ್ಲವೇನೋ. ಎಲ್ಲಿ ಅಳಬೇಕು, ಎಲ್ಲಿ ನಿಲ್ಲಿಸಬೇಕು, ಏನೂ ಹೇಳಿಕೊಡುತ್ತಿರಲಿಲ್ಲ. ತಪ್ಪಿದಾಗ ಮಾತ್ರ ಮೇಜಿಗೆ ಹೊಡೆತ. ದುಡ್ಡು ತೆಗೆದುಕೊಂಡು ಹೇಳಿಕೊಡದ ಟೀಚರನ್ನು ಅವನು ಕಂಡದ್ದು ಅದೇ ಮೊದಲು.

ಮನೆಯಲ್ಲೂ ಕಿವಿ ತೆರೆದಿಟ್ಟುಕೊಂಡು ಅಭ್ಯಾಸ ಮಾಡೋಣವೆಂದರೆ ಅಲ್ಲಿ ಇನ್ನೊಂದು ಪಜೀತಿ. ಅವನ ಹೆಂಡತಿಗೆ ಲ್ಯಾಬೊಂದರಲ್ಲಿ ರಕ್ತ ತೆಗೆಯುವ ಕೆಲಸ. ನೇರ ಮಾತಿನ ಹೆಂಗಸು.

“ರೀ, ಏನಾಗಿದೆ ನಿಮಗೆ? ಗ್ಯಾಸ್ ಬುಕ್ ಮಾಡಿ ಅಂದೆ ಅಷ್ಟೆ. ಅದಕ್ಕೆ ಯಾಕೆ ಹಾಗೆ ಕಣ್ಣು ಬಿಟ್ಕೊಂಡು ನೋಡ್ತೀರಾ? ಮೊದಲಿನ ಹಾಗೆ ಹೂಂ ಅಂದು ಮರೆತುಬಿಡಿ, ನನಗೆ ಅದೇ ಅಭ್ಯಾಸ.”

“ಬಿಡೇ, ಪಾಪ,” ಎಂದಳು ಒಳಗಿನಿಂದ ಅವಳ ತಾಯಿ. “ಸಸ್ಪೆಂಡ್ ಆಗಿರಬೇಕು.”

ಮೂರನೆಯ ವಾರ ಒಂದು ಧಾರಾವಾಹಿಯಲ್ಲಿ ಅರ್ಧ ದಿನದ ಕೆಲಸ ಸಿಕ್ಕಿತು. ಹಳೆಯ ಖಾಕಿ, ಹಳೆಯ ಮೇಜು. ಎದುರಿಗೆ ಒಬ್ಬ ಮುದುಕಿ, ಮಗನನ್ನು ಬಿಡಿಸಿಕೊಡಿ ಎಂದು ಅಳುವ ಪಾತ್ರದವಳು. ಸಹಾಯಕ ಎಡಗಡೆಯಿಂದ ವಾಕ್ಯ ಎಸೆದ. ಇನ್ಸ್‌ಪೆಕ್ಟರ್ ಅದನ್ನು ಹಿಡಿಯಲಿಲ್ಲ. ಮುದುಕಿಯ ಕೆಳತುಟಿ ಒಂದೇ ಪಕ್ಕಕ್ಕೆ ಎಳೆಯುತ್ತಿತ್ತು. ಅದನ್ನು ಅವನು ನೋಡುತ್ತಾ ಕೂತುಬಿಟ್ಟಿದ್ದ. ಸಹಾಯಕ ಮೂರು ಸಲ ಕಿರುಚಿದ ಮೇಲೆ ನಿರ್ದೇಶಕ “ಏನ್ ಸಾರ್, ಊಟ ಜಾಸ್ತಿ ಆಯ್ತಾ?” ಎಂದು ಎಲ್ಲರೆದುರಿಗೆ ಹಂಗಿಸಿದ. ಎರಡನೆಯ ಟೇಕಿನಲ್ಲಿ ಇವನು ಸರಿಯಾಗಿ ಗದರಿಸಿ ಮುಗಿಸಿದ. ಮುದುಕಿ ಹೋಗುವಾಗ ಇವನ ಪಕ್ಕ ನಿಂತು, “ನಿಮ್ಮ ಟೇಬಲ್ ಮುಂದೆ ಇದು ನನ್ನ ಒಂಬತ್ತನೇ ಸಲ. ಇವತ್ತು ನೋಡಿದ್ರಿ ನನ್ನ,” ಎಂದಳು.

ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ತಿಳಿದದ್ದು ಒಂದೇ: ಆ ಟೀಚರ್ ತನ್ನ ಅನ್ನದ ತಟ್ಟೆಗೆ ಮಣ್ಣು ಹಾಕುತ್ತಿದ್ದಾಳೆ. ಹೊಸ ಕೆಲಸ ಕೈಗೆ ಸಿಗುವ ಮೊದಲೇ ಹಳೆಯದು ಕೈ ಬಿಡುತ್ತಿದೆ. ಈ ಸಿಟ್ಟಿಗೆ ತುಪ್ಪ ಸುರಿದವನು ಜಡ್ಜ್.

“ಅಲ್ಲ ಕಣೋ, ಆ ಹೆಂಗಸು ಯಾವತ್ತಾದ್ರೂ ಬಣ್ಣ ಹಚ್ಚಿದ್ದಾಳಾ, ಕೇಳಿದ್ಯಾ?” ಎಂದ, ಟೀ ಊದುತ್ತಾ. “ನಾಟಕ ಕಂಪನೀಲಿ ಪರದೆ ಪಕ್ಕ ಕೂತು ಹೇಳಿಕೊಡೋಳಾಗಿದ್ದಳು. ಇಪ್ಪತ್ತೆಂಟು ವರ್ಷ. ಒಂದು ಸಲ ಸ್ಟೇಜ್ ಹತ್ತಿಲ್ಲ. ಅವಳು ನಿನಗೆ ನಟನೆ ಕಲಿಸ್ತಾಳಂತೆ! ನಿನ್ನ ಕಿವಿ ಮೇಲೆ ಹೂ ಇಟ್ಟಿದ್ದಾರೆ, ನೀನು ಮುಡ್ಕೊಂಡು ಓಡಾಡ್ತಿದ್ದೀಯ.”

ಇನ್ಸ್‌ಪೆಕ್ಟರ್ ಟೀ ಅರ್ಧಕ್ಕೆ ಬಿಟ್ಟು ಎದ್ದ. ಒಂದೊಂದು ಹೆಜ್ಜೆಗೆ ಎರಡೆರಡು ಮೆಟ್ಟಿಲು ಹತ್ತಿದ. ಟೀಚರ್ ಒಬ್ಬಳೇ ಇದ್ದಳು, ಕುರ್ಚಿಯ ಮೇಲೆ ಕಾಲು ಚಾಚಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

“ನೀವು ಯಾವತ್ತಾದ್ರೂ ಬಣ್ಣ ಹಚ್ಚಿದ್ದೀರಾ?” ಎಂದ, ಬಾಗಿಲಲ್ಲೇ ನಿಂತು.

“ಇಲ್ಲ.”

“ಹೇಳಿಕೊಡೋ ಕೆಲಸದವರು ನೀವು! ಆ ಸೆಟ್ಟಲ್ಲಿ ಹಾಳೆ ಹಿಡ್ಕೊಂಡು ನಿಲ್ಲೋ ಹುಡುಗರ ಜಾತಿ! ಅಂಥವರು ನನ್ನೆದುರು ಸ್ಕೇಲು ಕುಟ್ತೀರಾ? ನಟನೆ ಬಗ್ಗೆ ಏನು ಗೊತ್ತು ನಿಮಗೆ?”

ಆಕೆ ಸೀರೆ ಸರಿಮಾಡಿಕೊಂಡು ಎದ್ದು ನಿಂತಳು. ನೋವಿಗೆ ಮುಖ ಗಂಟಾಯಿತು. ಅದು ಮೊಣಕಾಲಿನ ನೋವೇ ಇರಬೇಕು.

“ಹತ್ತಿರದಿಂದ ನೋಡಿದ್ದು ಗೊತ್ತು,” ಎಂದಳು. “ನೀವೆಲ್ಲ ಜನಕ್ಕೆ ಮುಂದಿನಿಂದ ಕಾಣ್ತೀರಿ. ನನಗೆ ಪಕ್ಕದಿಂದ ಕಂಡಿರಿ. ಪಕ್ಕದಿಂದ ನೋಡಿದೋರಿಗೆ ಯಾರು ಕೇಳಿಸ್ಕೊಂಡು ಮಾತಾಡ್ತಾನೆ, ಯಾರು ಕಾದ್ಕೊಂಡು ಮಾತಾಡ್ತಾನೆ ಗೊತ್ತಾಗುತ್ತೆ. ಹೆಂಡತಿ ಸತ್ತುಬಿದ್ದಿರ್ತಾಳೆ, ರಾಜನ ಪಾರ್ಟಿನವನು ಅಳ್ತಾ ಅಳ್ತಾ ಕಿವಿ ನನ್ನ ಕಡೆ ಚಾಚಿರ್ತಾನೆ. ಇಪ್ಪತ್ತೆಂಟು ವರ್ಷ ಎಲ್ಲರಿಗೂ ಮಾತು ಕೊಟ್ಟೆ. ಒಬ್ಬನೂ ಮಾತು ಉಳಿಸ್ಕೊಳ್ಳಲಿಲ್ಲ.”

“ಅದಕ್ಕೆ ನಮ್ಮ ಮೇಲೆ ಸೇಡು ತೀರಿಸ್ಕೊಳ್ತಿದ್ದೀರಾ?”

“ಒಂದು ದಿನ ನನಗೆ ಜ್ವರ ಬಂದು ಗಂಟಲು ಕಟ್ಟಿತು. ಹನ್ನೊಂದು ವರ್ಷ ನಾನು ಹೇಳಿಕೊಟ್ಟ ದೊಡ್ಡ ಮನುಷ್ಯ, ಸ್ಟೇಜಿನ ನಡುವೆ ಮರದ ಹಾಗೆ ನಿಂತುಬಿಟ್ಟ. ಎದುರಿಗಿದ್ದವಳು ಬೇರೆ ಬೇರೆ ಥರ ಕೇಳ್ತಾನೇ ಇದ್ದಳು. ಅವಳು ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ರೂ ಸಾಕಾಗಿತ್ತು. ಅವನಿಗೆ ಅವಳ ದನಿ ಕೇಳಿಸಲೇ ಇಲ್ಲ, ನನ್ನದಕ್ಕೆ ಕಾಯ್ತಿದ್ದ. ಜನ ಕೂಗಿದರು. ಪರದೆ ಬಿತ್ತು. ಒಳಗೆ ಬಂದವನು ನನಗೆ ಹೊಡೆದ, ಕಂಪನಿಯವರು ನನ್ನನ್ನೇ ಹೊರಗೆ ಹಾಕಿದರು.” ಆಕೆ ಎಣ್ಣೆಯ ಕೈ ಒರೆಸಿಕೊಂಡಳು. “ಅವನ ಮೇಲೆ ಸಿಟ್ಟು ಈಗಲೂ ಇದೆ. ಅವನನ್ನ ಹಾಗೆ ಮಾಡಿದ್ದು ನಾನೇ ಅನ್ನೋ ಸಿಟ್ಟು ಅದಕ್ಕಿಂತ ಜಾಸ್ತಿ ಇದೆ. ಅದಕ್ಕೇ ನಾನು ಹೇಳಿಕೊಡಲ್ಲ. ಬೇಕಾದ್ರೆ ಕೂತ್ಕೊಳ್ಳಿ, ಬೇಡದಿದ್ರೆ ಜಡ್ಜ್‌ಗೆ ಜಾಗ ಬಿಡಿ.”

ಇನ್ಸ್‌ಪೆಕ್ಟರ್ ಕೂತ. ಮನಸ್ಸು ಕರಗಿತೆಂದು ಯಾರೂ ತಿಳಿಯಬಾರದು. ಇಂಥವಳ ಎದುರಿಗೆ ಸೋತು ಹೋಗುವುದಿಲ್ಲ ಎಂಬ ಹಟಕ್ಕೆ ಕೂತ. ಅಂದು ಸ್ಕೇಲು ಬಿದ್ದದ್ದು ಹನ್ನೊಂದೇ ಸಲ, ಯಾಕೆಂದರೆ ಅವಳು ಎಲ್ಲಿ ಸುಳ್ಳು ಮಾತು ತೂರಿಸುತ್ತಾಳೋ ಎಂದು ಅವನು ಅವಳ ಬಾಯಿಯ ಮೇಲಿಂದ ಕಣ್ಣು ಕೀಳಲಿಲ್ಲ. ದ್ವೇಷಿಸುವವರ ಮಾತನ್ನು ಮನುಷ್ಯ ಎಷ್ಟು ಗಮನವಿಟ್ಟು ಕೇಳುತ್ತಾನೆ ಎಂಬುದು ಅವನಿಗೆ ಗೊತ್ತಿರಲಿಲ್ಲ, ಟೀಚರಿಗೆ ಗೊತ್ತಿತ್ತು.

ತಿಂಗಳ ಕೊನೆಯ ದಿನ ನಿರ್ದೇಶಕಿ ಬಂದಳು. ಕೆಳಗೆ ಯಂತ್ರ ನಿಲ್ಲಿಸಿರೆಂದು ಹೇಳಲು ಹೋದವಳನ್ನು ಟೀಚರ್ ತಡೆದಳು. ಟೀಚರ್, ಇನ್ಸ್‌ಪೆಕ್ಟರ್ ಇಬ್ಬರೂ ಮೇಜಿನ ಎರಡು ಬದಿ ಕೂತರು. ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ. ಹಾಳೆಯ ಪ್ರಕಾರ ಮುಂದಿನ ಮಾತು ‘ಯಾರ ಜೊತೆಗಾದರೂ ಓಡಿಹೋಗಿರಬೇಕು’ ಎಂಬುದು. ಅದಕ್ಕೆ ತಂದೆ ‘ನನ್ನ ಮಗಳು ಅಂಥವಳಲ್ಲ ಸಾರ್’ ಎಂದು ಕಣ್ಣೀರು ಹಾಕಬೇಕು. ಟೀಚರ್ ಪೆನ್ನು ಕೆಳಗಿಟ್ಟು, ಬೇಸರದ ದನಿಯಲ್ಲಿ ಬೇರೆಯದನ್ನೇ ಕೇಳಿದಳು:

“ಮನೇಲಿ ಅವಳ ಮಾತು ಯಾರಾದ್ರೂ ಕೇಳ್ತಿದ್ರಾ?”

ಇನ್ಸ್‌ಪೆಕ್ಟರನ ತಲೆ ಎಡಕ್ಕೆ ವಾಲಲಿಲ್ಲ. ಮಾತು ಎದೆಗೆ ಬಂದು ತಗುಲಿತು. ಏನಾದರೂ ಹೇಳಿ ತಪ್ಪಿಸಿಕೊಳ್ಳಲು ನೋಡಿದ, ಆಗಲಿಲ್ಲ. ಕಣ್ಣೀರೂ ಬರಲಿಲ್ಲ. ಬಹಳ ಹೊತ್ತಾದ ಮೇಲೆ, ಕಳ್ಳತನ ಒಪ್ಪಿಕೊಳ್ಳುವವನಂತೆ ಹೇಳಿದ:

“ಇಲ್ಲ ಸಾರ್.”

ನಿರ್ದೇಶಕಿ ಎದ್ದು ನಿಂತುಬಿಟ್ಟಳು. “ಇದೇ! ಇದನ್ನೇ ಸಿನಿಮಾದಲ್ಲಿ ಇಟ್ಕೋತೀನಿ. ಸಾರ್, ಇನ್ನೊಂದೇ ಒಂದು ಸಲ.”

ಮತ್ತೆ ಮಾಡಿದರು. ಟೀಚರ್ ಕೇಳಿದಳು. ಇನ್ಸ್‌ಪೆಕ್ಟರ್ ಅಷ್ಟೇ ಹೊತ್ತು ಸುಮ್ಮನಿದ್ದ, ಅದೇ ತಗ್ಗಿದ ದನಿಯಲ್ಲಿ “ಇಲ್ಲ ಸಾರ್” ಎಂದ. ನಿರ್ದೇಶಕಿ ಕಣ್ಣೊರೆಸಿಕೊಂಡು, “ಆಯ್ತು ಟೀಚರ್, ನನಗೆ ಒಪ್ಪಿಗೆ. ನೀವು?” ಎಂದಳು.

“ಉಹೂಂ,” ಎಂದಳು ಟೀಚರ್.

ಇನ್ಸ್‌ಪೆಕ್ಟರನ ರಕ್ತ ಕುದಿಯಿತು. ಕೈಗೆ ಬಂದ ಪಾತ್ರ ಬಾಯಿಗೆ ಬಾರದಂತೆ ಮಾಡುತ್ತಿದ್ದಾಳೆ ಮುದುಕಿ! ಕೊಡುವವಳು ಒಪ್ಪಿದ್ದಾಳೆ; ಇವನು ಸುಮ್ಮನಿದ್ದರೆ ಸಾಕು, ಅಥವಾ ಆಕೆಯನ್ನು ನಾಲ್ಕು ಬೈದರೂ ನಡೆಯುತ್ತದೆ. ಬೈಯಲೆಂದೇ ಬಾಯಿ ತೆರೆದ.

“ಅವರು ಹೇಳ್ತಿರೋದು ಸರಿ,” ಎಂದುಬಿಟ್ಟ. ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. “ಎರಡನೇ ಸಲ ನಾನು ಅವರ ಪ್ರಶ್ನೆ ಕೇಳಿಸ್ಕೊಳ್ಳಲಿಲ್ಲ ಮೇಡಂ. ಮೊದಲನೇ ಸಲ ನಾನು ಹೇಗೆ ಹೇಳಿದ್ದೆನೋ ಅದನ್ನ ಕೇಳಿಸ್ಕೊಂಡು ಒಪ್ಪಿಸಿದೆ. ನನಗೆ ನಾನೇ ಹೇಳಿಕೊಟ್ಟೆ.”

ನಿರ್ದೇಶಕಿಯ ಮುಖದ ಮೇಲಿದ್ದ ಸಂತೋಷ ಇಳಿಯಿತು. “ಶೂಟಿಂಗ್‌ನಲ್ಲಿ ಒಂದು ಶಾಟಿಗೆ ಎಂಟು ಹತ್ತು ಟೇಕ್ ಆಗುತ್ತೆ ಸಾರ್. ಒಂದೇ ಸಲ ಬರೋದಾದ್ರೆ...” ಎಂದು ಚೀಲದಿಂದ ಫೋನು ತೆಗೆದು ಟೀಚರ್ ಕಡೆ ತಿರುಗಿದಳು. “ಹಾಗಾದ್ರೆ ಜಡ್ಜ್ ಸಾರ್‌ಗೆ ಫೋನ್ ಮಾಡಿಬಿಡ್ಲಾ?”

“ಹೂಂ,” ಎಂದಳು ಟೀಚರ್.

ಇನ್ಸ್‌ಪೆಕ್ಟರ್ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡ.

“ಫೋನಿಗಲ್ಲ,” ಎಂದು ಆಕೆ ಗೊಗ್ಗರು ದನಿಯಲ್ಲಿ ಗದರಿದಳು. “ಒಳಗಿಡಿ ಅದನ್ನ. ಇವರಿಗೆ ಹೂಂ ಅಂದೆ. ಮೊದಲನೇ ಸಲ ಚೆನ್ನಾಗಿ ಮಾಡಿದ್ದಕ್ಕಲ್ಲ. ಎರಡನೇ ಸಲ ಹೇಳಿದ ಸುಳ್ಳು ಕೇಳಿಸ್ತಲ್ಲ, ಅದಕ್ಕೆ. ನನಗೆ ಗೊತ್ತಿರೋ ನಟರಲ್ಲಿ ಅರ್ಧ ಜನ ಅದು ಕೇಳಿಸದೇನೇ ರಿಟೈರ್ ಆದರು.”

ನಿರ್ದೇಶಕಿ ಇಬ್ಬರ ಮುಖವನ್ನೂ ನೋಡಿ, ಸೋಮವಾರ ಬಟ್ಟೆಯ ಅಳತೆ ಕೊಡಲು ಬನ್ನಿ ಸಾರ್ ಎಂದು ಹೇಳಿ ಮೆಟ್ಟಿಲಿಳಿದಳು. ಇನ್ಸ್‌ಪೆಕ್ಟರ್ ಎದ್ದ. ಕೃತಜ್ಞತೆಯ ಮಾತನ್ನು ಆ ಮುಖಕ್ಕೆ ಹೇಳುವ ಮನಸ್ಸಿರಲಿಲ್ಲ. ಆಕೆಯೂ ಕಾಯಲಿಲ್ಲ, ಕಿಟಕಿಯ ಮೇಲೆ ಕೂತಿದ್ದ ಮರದ ಹೊಟ್ಟನ್ನು ಬಟ್ಟೆಯಿಂದ ಝಾಡಿಸತೊಡಗಿದಳು. ಬಾಗಿಲವರೆಗೆ ಹೋದವನು ತಿರುಗಿ ನಿಂತ.

“ನಾಳೆ ಎಷ್ಟು ಹೊತ್ತಿಗೆ ಬರ್ಲಿ?”

“ಯಾಕೆ? ಪಾತ್ರ ಸಿಕ್ತಲ್ಲ.”

“ಎರಡನೇ ಸಲ ಮೊದಲನೇ ಸಲದ ಹಾಗೆ ಕೇಳಿಸ್ಕೊಳ್ಳೋದು ಹೇಗೆ?”

ಟೀಚರ್ ಬಟ್ಟೆ ಕೆಳಗಿಟ್ಟು ಅವನನ್ನು ನೋಡಿದಳು. ಆ ಒಂದು ತಿಂಗಳಲ್ಲಿ ತಪ್ಪು ಹುಡುಕದೆ ಆಕೆ ಅವನನ್ನು ನೋಡಿದ್ದು ಅದೇ ಮೊದಲು.

“ನನಗೂ ಗೊತ್ತಿಲ್ಲ,” ಎಂದಳು. “ಏಳಕ್ಕೆ ಬನ್ನಿ.”